ಒಂದೇ ಮನೆಯಲ್ಲಿ ಹುಟ್ಟಿದ ಎರಡು ಕಾರು

ದಾವಣಗೆರೆ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನಲ್ಲಿರುವ ನಮ್ಮ ಅಳಿಯಂದಿರು ಲೆಕ್ಸಸ್ ಇಎಸ್ ಕಾರು ತಗೊಂಡಿದ್ದಾರೆ. ವಿಚಾರಿಸಿದರೆ ಅದೂ ಟೊಯೊಟಾದವರದ್ದೇ, ಬಿಡದಿಯಲ್ಲೇ ಜೋಡಿಸೋದಂತೆ. ಅಲ್ಲೇ ತಯಾರಾಗುವ ಕ್ಯಾಮ್ರಿ ಎಷ್ಟೋ ಲಕ್ಷ ಕಡಿಮೆಗೆ ಸಿಗುತ್ತದೆ. ಹೆಸರು ಬದಲಿಸಿ ಜಾಸ್ತಿ ದುಡ್ಡು ಕೀಳೋದು ಮೋಸ ಅಲ್ವಾ?"

ನಮಸ್ಕಾರ. ನೀವು ತಿಳಿದುಕೊಂಡ ವಿಷಯ ಸರಿಯಾಗಿದೆ. ಎರಡೂ ಕಾರಿನ ತಳಪಾಯ ಒಂದೇ. 2020ರಿಂದ ಇಎಸ್ ಬಿಡದಿಯಲ್ಲೇ ಜೋಡಣೆ ಆಗುತ್ತಿದೆ. (ನಮ್ಮ ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ಕಿರ್ಲೋಸ್ಕರ್ ಹೆಸರೇ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಹೆಸರಿನಲ್ಲೂ ಇದೆ, ನೋಡಿದಾಗಲೆಲ್ಲ ನನಗೆ ಖುಷಿ.) ಆದರೆ ಮೋಸ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

1980ರ ದಶಕದ ಅಮೆರಿಕದಲ್ಲಿ ಟೊಯೊಟಾ ಅಂದರೆ ಕೆಡದ, ಕೈಗೆಟುಕುವ ಕಾರು. ಶ್ರೀಮಂತರು ಬೆಂಜ್ ಅಥವಾ ಬಿಎಂಡಬ್ಲ್ಯು ಕೊಳ್ಳುತ್ತಿದ್ದರು. 1983ರಲ್ಲಿ ಟೊಯೊಟಾ ಕಂಪನಿಯ ಅಧ್ಯಕ್ಷ ಐಜಿ ಟೊಯೊಡಾ ತಮ್ಮವರನ್ನು ಕೇಳಿದರು: ಜಗತ್ತಿನ ಅತ್ಯುತ್ತಮ ಕಾರುಗಳನ್ನು ಮೀರಿಸುವ ಕಾರು ನಮ್ಮಿಂದ ಆಗುತ್ತದಾ? ಆರು ವರ್ಷ ದುಡಿದರು. ಸುಮಾರು 450 ಪ್ರಯೋಗದ ಕಾರುಗಳನ್ನು ಕಟ್ಟಿ ನೋಡಿದರು. 1989ರಲ್ಲಿ ಎಲ್‌ಎಸ್ 400 ಬಂತು. ಅದಕ್ಕೆ ಲೆಕ್ಸಸ್ ಅನ್ನುವ ಹೊಸ ಹೆಸರು, ಬೇರೆ ಶೋರೂಮ್. ಹೋಂಡಾದವರು 1986ರಲ್ಲೇ ಅಕ್ಯುರಾ ಅಂತ ಇದೇ ದಾರಿ ಹಿಡಿದಿದ್ದರು. ನಿಸಾನ್‌ನವರ ಇನ್ಫಿನಿಟಿಯೂ 1989ರದ್ದೇ.

ಇನ್ಫಿನಿಟಿಯ ಮೊದಲ ಜಾಹೀರಾತುಗಳಲ್ಲಿ ಬಂಡೆ, ಮರ ಎಲ್ಲ ಇದ್ದವು, ಕಾರೇ ಇರಲಿಲ್ಲ. ಲೆಕ್ಸಸ್‌ನವರು ಏನು ಮಾಡಿದರು ಗೊತ್ತಾ? ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳನ್ನು ಗೋಪುರದ ಹಾಗೆ ಪೇರಿಸಿದರು. ಚಕ್ರ ಗಂಟೆಗೆ 230 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ತಿರುಗಿತು. ಒಂದು ಗ್ಲಾಸೂ ಬೀಳಲಿಲ್ಲ. ಬಿಎಂಡಬ್ಲ್ಯು ಓಡಿಸುವ ಖುಷಿಯ ಮಾತಾಡುತ್ತಿತ್ತು. ವೋಲ್ವೋಗೆ 1959ರ ಸೀಟ್ ಬೆಲ್ಟಿನಿಂದಲೇ ಸುರಕ್ಷತೆಯ ಹೆಸರಿತ್ತು. ಲೆಕ್ಸಸ್ ಅವರ ಅಂಗಳಕ್ಕೆ ಹೋಗದೆ ಸದ್ದಿಲ್ಲದ, ನಡುಕವಿಲ್ಲದ ಓಟವನ್ನು ತನ್ನ ಅಂಗಳ ಮಾಡಿಕೊಂಡಿತು. ಬೆಲೆ 35,000 ಡಾಲರ್, ಜರ್ಮನಿಯ ದೊಡ್ಡ ಕಾರುಗಳಿಗಿಂತ ಎಷ್ಟೋ ಕಡಿಮೆ.

ಹೆಸರು ಬದಲಿಸದೆ ಹೋದವರ ಕಥೆಯೂ ಇದೆ. ಫೋಕ್ಸ್‌ವ್ಯಾಗನ್ 2002ರಲ್ಲಿ ಫೇಟನ್ ಅನ್ನುವ ಐಷಾರಾಮಿ ಕಾರು ತಂದಿತು. ಡ್ರೆಸ್ಡೆನ್‌ನಲ್ಲಿ ಅದಕ್ಕೆಂದೇ ಗಾಜಿನ ಗೋಡೆಯ ಕಾರ್ಖಾನೆ ಕಟ್ಟಿದರು. ಒಳ್ಳೆಯ ಕಾರು. ಆದರೆ ಅಷ್ಟು ದುಡ್ಡು ಕೊಟ್ಟು ಫೋಕ್ಸ್‌ವ್ಯಾಗನ್ ಯಾಕೆ ಅಂತ ಜನ ದೂರ ಉಳಿದರು. ಅಮೆರಿಕದಲ್ಲಿ 2006ಕ್ಕೇ ಮಾರಾಟ ನಿಂತಿತು. ಅದೇ ತಳಪಾಯದ ಮೇಲೆ ಬಂದ, ಅವರದೇ ಒಡೆತನದ ಬೆಂಟ್ಲಿಯ ಕಾಂಟಿನೆಂಟಲ್ ಜಿಟಿ ಚೆನ್ನಾಗಿ ಮಾರಾಟವಾಯಿತು.

ಹಾಗಾದರೆ ಬರೀ ಹೆಸರಿಗಾ ದುಡ್ಡು ಅಂತ ನೀವು ಕೇಳಬಹುದು. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಚೌಕಿಪೇಟೆಗೆ ಬಟ್ಟೆ ತರಲು ಹೋಗುತ್ತಿದ್ದೆ. ಅಂಗಡಿಯವರು ಥಾನು ಬಿಚ್ಚುತ್ತಿದ್ದರು. ಅಪ್ಪ ಬಟ್ಟೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ, ಅಂಚನ್ನು ಬೆಳಕಿಗೆ ಹಿಡಿದು ಮಿಲ್ಲಿನ ಮುದ್ರೆ ಹುಡುಕುತ್ತಿದ್ದರು. ಮುದ್ರೆ ಇದ್ದರೆ ಮೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಡಲು ತಕರಾರಿಲ್ಲ. "ಬಣ್ಣ ಬಿಟ್ಟರೆ ತಂದುಕೊಡಿ ಯಜಮಾನ್ರೇ" ಅನ್ನುವ ಮಾತು ಆ ಬೆಲೆಯಲ್ಲೇ ಸೇರಿರುತ್ತಿತ್ತು.

ಲೆಕ್ಸಸ್‌ಗೆ ಆ ಪರೀಕ್ಷೆ ಬೇಗ ಬಂತು. 1989ರ ಕೊನೆಗೆ ಬ್ರೇಕ್ ಲೈಟ್, ಕ್ರೂಸ್ ಕಂಟ್ರೋಲ್ (ಕಾಲಿಡದೆಯೇ ಕಾರಿನ ವೇಗ ಕಾಯುವ ವ್ಯವಸ್ಥೆ) ಬಗ್ಗೆ ಬೆರಳೆಣಿಕೆಯ ದೂರು ಬಂದವು. ಕಂಪನಿ ಮಾರಿದ್ದ 8,000ಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಿತು. ಮನೆಗೇ ಹೋಗಿ ಕಾರು ತಂದರು, ರಿಪೇರಿ ಮಾಡಿದರು, ತೊಳೆದು, ಟ್ಯಾಂಕ್ ತುಂಬಿಸಿ ಮನೆಗೇ ಬಿಟ್ಟರು. ಇಪ್ಪತ್ತು ದಿನದಲ್ಲಿ ಕೆಲಸ ಮುಗಿದಿತ್ತು. ನನ್ನ ಪ್ರಕಾರ ಲೆಕ್ಸಸ್ ಅನ್ನುವ ಹೆಸರು ನಿಂತಿದ್ದು ಗ್ಲಾಸಿನ ಗೋಪುರದಿಂದಲ್ಲ, ಈ ಇಪ್ಪತ್ತು ದಿನಗಳಿಂದ.

ನಮ್ಮ ದೇಶದಲ್ಲಿ ಪೈಪೋಟಿಯ ಜಾಗ ಇನ್ನೊಂದು, ಹಿಂದಿನ ಸೀಟು. ಇಲ್ಲಿ ಇಂಥ ಕಾರಿನ ಯಜಮಾನರು ಹೆಚ್ಚಾಗಿ ಹಿಂದೆ ಕೂರುತ್ತಾರೆ. ಅದಕ್ಕೇ ಬೆಂಜ್‌ನವರು 2017ರಲ್ಲಿ ಉದ್ದದ ಇ-ಕ್ಲಾಸ್ ತಂದರು. ಓಡಿಸುವವನ ಕಾರು ಅಂತಲೇ ಹೇಳಿಕೊಂಡು ಬಂದ ಬಿಎಂಡಬ್ಲ್ಯು ಕೂಡ 2021ರಲ್ಲಿ 3 ಸೀರೀಸ್‌ನ ಚಕ್ರಗಳ ನಡುವಿನ ಅಂತರವನ್ನು 110 ಮಿ.ಮೀ. ಹೆಚ್ಚಿಸಿ ಇಲ್ಲಿಗೆ ತಂದಿತು. ಹಿಂದೆ ಕೂತವರಿಗೆ ಕಾಲು ಚಾಚಲು ಇನ್ನಷ್ಟು ಜಾಗ!

ಅಳಿಯಂದಿರು ಮುಂದಿನ ಸಲ ಊರಿಗೆ ಬಂದಾಗ ಹಿಂದಿನ ಸೀಟಿನಲ್ಲಿ ಕೂತು ಚಿತ್ರದುರ್ಗದವರೆಗೆ ಹೋಗಿ ಬನ್ನಿ. ಲಾರಿಗಳು ಪಕ್ಕದಲ್ಲಿ ಹಾದುಹೋಗುವಾಗ ಕಿಟಕಿ ಏರಿಸಿ ಕಿವಿಗೊಡಿ. ಸಾಧ್ಯವಾದರೆ ಯಾರದ್ದಾದರೂ ಕ್ಯಾಮ್ರಿಯಲ್ಲೂ ಅದೇ ದಾರಿಯಲ್ಲಿ ಹೋಗಿ ಬನ್ನಿ. ಆಮೇಲೂ ಮೋಸ ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಮಾಡುತ್ತೇನೆ.

– ಸಂಪಾದಕ