ಓದುಗರ ಪ್ರಶ್ನೆ: ಕರ್ನಲ್ ಸರಿಯಿದ್ದರೂ ಲೂಪ್ ತಡವರಿಸುವುದೇಕೆ?

ಪ್ರಶ್ನೆ: ಇಂಟೆಲ್ ಮಿನಿ ಪಿಸಿಯಲ್ಲಿ ಲಿನಕ್ಸ್ 6.12ನ್ನು ಪ್ರಿಎಂಪ್ಟ್-ಆರ್‌ಟಿ (ಕೆಲಸ ಹೇಳಿದ ಸಮಯಕ್ಕೇ ನಡೆಯುವಂತೆ ಮಾಡುವ ಕರ್ನಲ್ ಆಯ್ಕೆ) ಆನ್ ಮಾಡಿ ಹಾಕಿದ್ದೇನೆ. ಮೋಟಾರ್ ನಿಯಂತ್ರಣದ ಲೂಪ್ 1 ಮಿಲಿಸೆಕೆಂಡಿನದು. ತಡ ಅಳೆಯುವ ಸೈಕ್ಲಿಕ್‌ಟೆಸ್ಟ್‌ನಲ್ಲಿ ಸಾಮಾನ್ಯವಾಗಿ 15 ಮೈಕ್ರೋಸೆಕೆಂಡ್ ಕಾಣುತ್ತದೆ, ಆಗೊಮ್ಮೆ ಈಗೊಮ್ಮೆ 300 ದಾಟುತ್ತದೆ. ಕರ್ನಲ್‌ನಲ್ಲಿ ಏನು ಬದಲಿಸಲಿ?

ಉತ್ತರ: ಕರ್ನಲ್‌ಗೆ ಕೈ ಹಚ್ಚುವ ಮೊದಲು ಚಿಪ್‌ಸೆಟ್ ನೋಡಿ. ಇಂಥ ಬೋರ್ಡುಗಳಲ್ಲಿ ಎಸ್‌ಎಂಐ (ಸಿಸ್ಟಂ ಮ್ಯಾನೇಜ್‌ಮೆಂಟ್ ಇಂಟರಪ್ಟ್) ಎಂಬ ಇಂಟರಪ್ಟ್, ಅಂದರೆ ಕೆಲಸದ ನಡುವೆ ತಡೆಯುವ ಸಂಕೇತ, ಇರುತ್ತದೆ. ಅದು ಬಂದರೆ ಪ್ರೊಸೆಸರ್ ಎಲ್ಲವನ್ನೂ ಬಿಟ್ಟು ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನ ಕೋಡ್ ಓಡಿಸಲು ಹೋಗುತ್ತದೆ. ಕರ್ನಲ್‌ಗೆ ಅದನ್ನು ತಡೆಯಲೂ ಆಗದು.

ಆರ್‌ಟಿ-ಟೆಸ್ಟ್ಸ್ ಪ್ಯಾಕೇಜಿನ ಎಚ್‌ಡಬ್ಲ್ಯುಲ್ಯಾಟ್‌ಡಿಟೆಕ್ಟನ್ನು 10 ಮೈಕ್ರೋಸೆಕೆಂಡ್ ಮಿತಿಯಿಟ್ಟು ಒಂದು ತಾಸು ಓಡಿಸಿ. ಅದು ಇಂಟರಪ್ಟ್ ಮುಚ್ಚಿ ಗಡಿಯಾರವನ್ನೇ ಓದುತ್ತಿರುತ್ತದೆ, ಹಾಗಾಗಿ ಎರಡು ಓದುಗಳ ನಡುವೆ ಕಂಡ ಸಮಯದ ಬಿರುಕಿಗೆ ಕರ್ನಲ್ ಕಾರಣವಲ್ಲ. ತಾನಾಗಿ ಬಿಟ್ಟರೆ ಪ್ರತಿ ಸೆಕೆಂಡಿನಲ್ಲಿ ಅರ್ಧ ಮಾತ್ರ ಗಮನಿಸುತ್ತದೆ. ಐದು ನಿಮಿಷದ ಪರೀಕ್ಷೆ ಏನೂ ಹೇಳದು. ಮೋಟಾರಿನ ಪವರ್ ತೆಗೆದೇ ಓಡಿಸಿ. ಜೊತೆಗೆ ಪ್ರೊಸೆಸರಿನ ಅಂಕಿಅಂಶ ತೋರಿಸುವ ಟರ್ಬೋಸ್ಟ್ಯಾಟ್‌ನ ಎಸ್‌ಎಂಐ ಕಾಲಂ ನೋಡಿ. ಬಿರುಕು ಬಿದ್ದಾಗೆಲ್ಲ ಎಣಿಕೆ ಏರಿದರೆ ಕಳ್ಳ ಸಿಕ್ಕಿದಂತೆ.

ಆಗ ಬಯೋಸ್ ಅಪ್‌ಡೇಟ್ ಮಾಡಿ, ಯುಎಸ್‌ಬಿ ಲೆಗಸಿ ಸಪೋರ್ಟ್ ಆಫ್ ಮಾಡಿ, ಮತ್ತೆ ಅಳೆಯಿರಿ. ಚಿಪ್‌ಸೆಟ್ ರಿಜಿಸ್ಟರ್ ಬದಲಿಸಿ ಎಸ್‌ಎಂಐಯನ್ನೇ ಪೂರ್ತಿ ಮುಚ್ಚುವ ಉಪಾಯವೂ ಇದೆ, ನಾವು ಹೇಳುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಶಾಖ ನಿಯಂತ್ರಣ ಅದರ ಮೇಲೇ ನಿಂತಿರುತ್ತದೆ. ಹಲವು ಬಯೋಸ್‌ಗಳು ಆ ರಿಜಿಸ್ಟರಿಗೆ ಬೀಗವನ್ನೂ ಹಾಕಿರುತ್ತವೆ. ಜಗ್ಗದಿದ್ದರೆ ಬೋರ್ಡ್ ಬದಲಿಸುವುದೇ ಅಗ್ಗ.

ಇನ್ನೊಂದು ಮಾತು. ಸೈಕ್ಲಿಕ್‌ಟೆಸ್ಟ್ ಓಡುವಾಗ ಸಿಪಿಯು-ಡಿಎಂಎ-ಲೇಟೆನ್ಸಿ ಎಂಬ ಸಾಧನ ಕಡತಕ್ಕೆ 0 ಬರೆದು, ಕೋರ್‌ಗಳು ಗಾಢ ನಿದ್ರೆಗೆ ಜಾರದಂತೆ ಹಿಡಿದಿಡುತ್ತದೆ. ನಿಮ್ಮ ಪ್ರೋಗ್ರಾಂ ಹಾಗೆ ಮಾಡದಿದ್ದರೆ ಪರೀಕ್ಷೆಯಲ್ಲಿ ಕಂಡ 15 ಕೆಲಸದಲ್ಲಿ ಸಿಗದು. 0 ಬರೆದ ಮೇಲೆ ಕಡತ ಮುಚ್ಚಬೇಡಿ, ಮುಚ್ಚಿದರೆ ಕೋರಿಕೆ ರದ್ದಾಗುತ್ತದೆ.

ಪ್ರಶ್ನೆ: ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಮೇಲೆ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ (ಆರ್‌ಟಿಒಎಸ್) ಹಾಕಿದ್ದೇನೆ. ಇಂಟರಪ್ಟ್‌ನೊಳಗೆ ಸೆಮಫೋರ್ (ಕಾಯುತ್ತಿರುವ ಟಾಸ್ಕನ್ನು ಎಬ್ಬಿಸುವ ಸಂಕೇತ) ಕೊಟ್ಟರೆ ಕೆಲವೊಮ್ಮೆ ಸಿಸ್ಟಂ ನಿಂತೇಹೋಗುತ್ತದೆ. ಇಂಟರಪ್ಟ್‌ನೊಳಗಿಂದ ಕರೆಯಲೆಂದೇ ಇರುವ ಫ್ರಮ್‌ಐಎಸ್‌ಆರ್ ಫಂಕ್ಷನ್ನನ್ನೇ ಬಳಸಿದ್ದೇನೆ.

ಉತ್ತರ: ಆ ಇಂಟರಪ್ಟ್‌ಗೆ ಆದ್ಯತೆ ಕೊಟ್ಟಿರಾ? ಎಸ್‌ಟಿಎಂ32ರೊಳಗಿನ ಕಾರ್ಟೆಕ್ಸ್-ಎಂ ಪ್ರೊಸೆಸರಿನಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು. ಏನೂ ಕೊಡದಿದ್ದರೆ 0, ಅಂದರೆ ಎಲ್ಲಕ್ಕಿಂತ ಮೇಲೆ. ಸಿಸ್‌ಕಾಲ್ ಮಿತಿ (ಫ್ರೀಆರ್‌ಟಿಒಎಸ್ ಫಂಕ್ಷನ್ ಕರೆಯಬಹುದಾದ ಅತಿ ಹೆಚ್ಚಿನ ಆದ್ಯತೆ) 5 ಇದ್ದರೆ, 0ಯಿಂದ 4ರವರೆಗಿನ ಇಂಟರಪ್ಟ್‌ಗಳನ್ನು ಫ್ರೀಆರ್‌ಟಿಒಎಸ್ ಎಂದೂ ತಡೆಯುವುದಿಲ್ಲ. ಅದು ತನ್ನ ಪಟ್ಟಿ ತಿದ್ದುತ್ತಿರುವಾಗಲೇ ನುಗ್ಗಿ ಕೆಡಿಸುತ್ತವೆ. 5ರಿಂದ 15ರೊಳಗೆ ಇಡಿ, ಇಂಥ ತಪ್ಪು ಹಿಡಿಯುವ ಕಾನ್ಫಿಗ್‌ಅಸರ್ಟ್ ಆನ್ ಮಾಡಿ. ಮೋಟಾರಿನ ತಿರುಗುವಿಕೆ ಅಳೆಯುವ ಎನ್‌ಕೋಡರಿನಂಥ ತುರ್ತಿನದು 5ಕ್ಕಿಂತ ಕೆಳಗಿನ ಸಂಖ್ಯೆಯಲ್ಲಿರಲಿ, ಆದರೆ ಅಲ್ಲಿಂದ ಆರ್‌ಟಿಒಎಸ್‌ನ ಯಾವ ಫಂಕ್ಷನ್ನನ್ನೂ ಕರೆಯಬಾರದು.