ದೊಡ್ಡ ನಗರಕ್ಕೆ ಕೆಲಸಕ್ಕೆ ಹೋಗುವಾಗ ಮನೆ ಎಲ್ಲಿ ಹಿಡಿಯಬೇಕು?

ಮುಂದಿನ ತಿಂಗಳು ಹೊಸ ಕೆಲಸ, ಗುರುತು ಪರಿಚಯವಿಲ್ಲದ ಊರು. ಆಫೀಸಿನ ಹತ್ತಿರ ಬಾಡಿಗೆ ವಿಪರೀತ. 14 ಕಿಲೋಮೀಟರ್ ಆಚೆ ಕಡಿಮೆ ಬಾಡಿಗೆಗೆ ದೊಡ್ಡ ಮನೆ ಇದೆ, ಮ್ಯಾಪಿನಲ್ಲಿ 35 ನಿಮಿಷದ ದಾರಿ ಅಂತ ತೋರಿಸುತ್ತಿದೆ. ಒಂದು ವರ್ಷದ ಅಗ್ರಿಮೆಂಟಿಗೆ ಈಗಲೇ ಸಹಿ ಹಾಕಿ ಅಡ್ವಾನ್ಸ್ ಕಳಿಸಲೇ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕಿ, ಇದೇ ತರಹದ ಮನೆಗೆ ಸಹಿ ಹಾಕಿದವನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕಳಿಸಬೇಡಿ. ಮನೆ ಕೆಟ್ಟದ್ದು ಅಂತಲ್ಲ, ಆ 35 ನಿಮಿಷವನ್ನು ನಂಬುವ ಹಾಗಿಲ್ಲ.

ನಾನು ಸೋತದ್ದು ಇದೊಂದು ಅಂಕಿಯಲ್ಲಿ. ಅದು ಹೇಗೆ ಮೋಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮನೆ ಹುಡುಕುವವರು ಮ್ಯಾಪ್ ತೆರೆಯುವುದು ರಾತ್ರಿ ಊಟ ಆದಮೇಲೆ, ಇಲ್ಲವೇ ಭಾನುವಾರ ಮಧ್ಯಾಹ್ನ. ಆಗ ಅದು ಆ ಹೊತ್ತಿನ ಖಾಲಿ ರಸ್ತೆಯ ಲೆಕ್ಕ ಕೊಡುತ್ತದೆ. ವಾಹನ ಹೆಚ್ಚಿದ ಪ್ರಮಾಣದಲ್ಲೇ ಸಮಯವೂ ಹೆಚ್ಚುತ್ತದೆ ಅಂದುಕೊಂಡರೆ ಅದೂ ತಪ್ಪು. ಅಮೆರಿಕದ ಸರ್ಕಾರಿ ರಸ್ತೆ ಇಲಾಖೆ 1964ರಲ್ಲಿ ಪ್ರಕಟಿಸಿದ ಒಂದು ಸೂತ್ರವನ್ನು ಟ್ರಾಫಿಕ್ ಎಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ. ಅದರ ಪ್ರಕಾರ ರಸ್ತೆ ತಾಳುವಷ್ಟೇ ವಾಹನ ಬಂದರೆ ಸಮಯ ಶೇಕಡಾ 15ರಷ್ಟು ಮಾತ್ರ ಹೆಚ್ಚುತ್ತದೆ. ತಾಳುವುದರ ಒಂದೂವರೆ ಪಟ್ಟು ಬಂದರೆ ಶೇಕಡಾ 76. ಎರಡು ಪಟ್ಟು ಬಂದರೆ ಸಮಯ 3.4 ಪಟ್ಟಾಗುತ್ತದೆ. ನಿಮ್ಮ 35 ನಿಮಿಷ ಮೊದಲು 40, ಆಮೇಲೆ 62, ಕೊನೆಗೆ ಹತ್ತಿರ ಹತ್ತಿರ 2 ಗಂಟೆ. ದಾರಿಯುದ್ದಕ್ಕೂ ಅಷ್ಟು ತುಂಬಿರುವುದಿಲ್ಲ, ನಿಜ. ಆದರೆ ಒಂದು ಸೇತುವೆ, ಒಂದು ದೊಡ್ಡ ಸಿಗ್ನಲ್, ಆಫೀಸುಗಳೆಲ್ಲ ಒತ್ತೊತ್ತಾಗಿರುವ ಕೊನೆಯ ಮೂರು ಕಿಲೋಮೀಟರ್ ತುಂಬಿದರೆ ಸಾಕು, ಲೆಕ್ಕವೆಲ್ಲ ತಲೆಕೆಳಗು.

ಇನ್ನೊಂದು ವಿಷಯ, ಮ್ಯಾಪು ರಸ್ತೆಯಿಂದ ರಸ್ತೆಗೆ ಎಣಿಸುತ್ತದೆ. ನೀವು ಹೋಗಬೇಕಾದದ್ದು ಮನೆ ಬಾಗಿಲಿನಿಂದ ನಿಮ್ಮ ಕುರ್ಚಿಗೆ. ಬೀಗ ಹಾಕಿ ಲಿಫ್ಟಿಗೆ ಕಾಯುವುದು, ಸ್ಟಾಪಿಗೆ ನಡೆಯುವುದು ಅಥವಾ ಗಾಡಿ ನಿಲ್ಲಿಸಲು ಜಾಗ ಹುಡುಕುವುದು, ಆಫೀಸ್ ಗೇಟಿನಲ್ಲಿ ಗುರುತಿನ ಚೀಟಿ ತೋರಿಸುವುದು, ಎಲ್ಲರೂ ಒಟ್ಟಿಗೆ ಬರುವ ಹೊತ್ತಿನಲ್ಲಿ ಅಲ್ಲಿಯೂ ಲಿಫ್ಟಿಗೆ ಸಾಲು. ಇವೆಲ್ಲ ಸೇರಿ ಒಂದು ಕಡೆಗೆ 15ರಿಂದ 20 ನಿಮಿಷ ಸುಲಭವಾಗಿ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಮತ್ತೊಂದಿದೆ. ವಾರದಲ್ಲಿ ನಾಲ್ಕು ದಿನ 50 ನಿಮಿಷ, ಒಂದು ದಿನ 75 ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಸರಾಸರಿ 55. ಆದರೆ ಆ ಒಂದು ದಿನ ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲವಲ್ಲ! ಹೊಸ ಕೆಲಸದಲ್ಲಿ ತಡವಾಗಿ ಹೋಗಲು ಆಗುವುದಿಲ್ಲ, ಹಾಗಾಗಿ ಐದೂ ದಿನ 75 ನಿಮಿಷ ಮೊದಲೇ ಹೊರಡುತ್ತೀರಿ. ಅಂದರೆ ನಿಮ್ಮ ದಿನದಿಂದ ಹೋಗುವುದು ಸರಾಸರಿಯಲ್ಲ, ಅತಿ ಕೆಟ್ಟ ದಿನದ ಸಮಯ. ನಾನು ಸಹಿ ಹಾಕುವ ಮುಂಚೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ದೊಡ್ಡ ಹಾಲ್‌ ಇರುವ ಮನೆಯ ಆಸೆಗೆ ಬೀಳುತ್ತಿರಲಿಲ್ಲ.

ಈಗ ಬಾಡಿಗೆಯ ಲೆಕ್ಕ. ದೂರದ ಮನೆಯಿಂದ ಒಂದು ಕಡೆಗೆ 40 ನಿಮಿಷ ಹೆಚ್ಚು ಹಿಡಿದರೆ ದಿನಕ್ಕೆ 80 ನಿಮಿಷ, 22 ಕೆಲಸದ ದಿನಕ್ಕೆ 29 ಗಂಟೆ. ದಿನಕ್ಕೆ 8 ಗಂಟೆಯಂತೆ ತಿಂಗಳ ಕೆಲಸ 176 ಗಂಟೆ. ಅಂದರೆ ಕೆಲಸದ ಆರನೇ ಒಂದು ಭಾಗದಷ್ಟು ಹೊತ್ತು ಹೆಚ್ಚುವರಿಯಾಗಿ ರಸ್ತೆಯ ಮೇಲೆ. ಪ್ರಯಾಣದ ಸಮಯಕ್ಕೆ ಬೆಲೆ ಕಟ್ಟುವಾಗ ಸಾರಿಗೆ ಅರ್ಥಶಾಸ್ತ್ರದಲ್ಲಿ ಸಾಮಾನ್ಯವಾಗಿ ಗಂಟೆಯ ಗಳಿಕೆಯ ಅರ್ಧವನ್ನು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಸಂಬಳದ ಶೇಕಡಾ 8ರಷ್ಟು ಆಯಿತು. ಇದಕ್ಕೆ ಹೆಚ್ಚುವರಿ ಟಿಕೆಟ್ ಅಥವಾ ಪೆಟ್ರೋಲ್ ಸೇರಿಸಿ. ಎರಡು ಮನೆಗಳ ಬಾಡಿಗೆಯ ವ್ಯತ್ಯಾಸ ಇದಕ್ಕಿಂತ ಕಡಿಮೆ ಇದ್ದರೆ ಕಡಿಮೆ ಬಾಡಿಗೆಯ ಮನೆಯೇ ದುಬಾರಿ. ವಾರಕ್ಕೆ ಎರಡೇ ದಿನ ಆಫೀಸ್ ಅಂತಿದ್ದರೆ ತಿಂಗಳಿಗೆ ಹೋಗುವುದು 12 ಗಂಟೆ, ಸಂಬಳದ ಶೇಕಡಾ ಮೂರೂವರೆ ಮಾತ್ರ. ಆಗ ದೂರದ ದೊಡ್ಡ ಮನೆಯೇ ಸರಿ, ಮನೆಯಲ್ಲಿ ಕೂತು ಕೆಲಸ ಮಾಡಲು ಒಂದು ರೂಮೂ ಸಿಗುತ್ತದೆ. ಆದ್ದರಿಂದ ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ ಕೇಳಿ: ಯಾವ ಕಟ್ಟಡ, ಯಾವ ಶಿಫ್ಟು, ವಾರಕ್ಕೆ ಎಷ್ಟು ದಿನ, ಪ್ರಾಜೆಕ್ಟ್ ಬದಲಾದರೆ ಊರಿನ ಇನ್ನೊಂದು ಕಡೆಯ ಕಚೇರಿಗೆ ಹಾಕುತ್ತಾರೆಯೇ. ಉತ್ತರ ಬರಹದಲ್ಲಿರಲಿ. ಒಂದೇ ಊರಿನಲ್ಲಿ ಮೂರು ನಾಲ್ಕು ಕಚೇರಿ ಇರುವ ಕಂಪನಿಗಳಲ್ಲಿ ಇದು ತುಂಬಾ ಮುಖ್ಯ.

ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಮಾತೊಂದಿದೆ. ಹತ್ತಿರದ ದುಬಾರಿ ಮನೆ ಅಥವಾ ದೂರದ ಅಗ್ಗದ ಮನೆ, ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂತ ನೀವು ಇಟ್ಟುಕೊಂಡಿದ್ದೀರಿ. ಹಾಗೇನಿಲ್ಲ. ದೊಡ್ಡ ಊರಿನಲ್ಲಿ ಕಿಲೋಮೀಟರಿಗಿಂತ ಲೈನ್ ಮುಖ್ಯ. ಆಫೀಸಿನ ಬಾಗಿಲಲ್ಲಿ ಇಳಿಸುವ ರೈಲು ಅಥವಾ ಮೆಟ್ರೋ ಮಾರ್ಗವನ್ನು ಮೊದಲು ಗುರುತಿಸಿ, ಅದೇ ಮಾರ್ಗದಲ್ಲಿ ಮುಂದೆ ಮುಂದೆ ಹೋಗುತ್ತಾ ಬಾಡಿಗೆ ನೋಡಿ. ಸ್ಟೇಷನ್ನಿನಿಂದ 800 ಮೀಟರ್ ಒಳಗೆ, ಅಂದರೆ 10 ನಿಮಿಷದ ನಡಿಗೆಯಲ್ಲಿ ಮನೆ ಇದ್ದರೆ, 14 ಅಲ್ಲ 18 ಕಿಲೋಮೀಟರ್ ಆದರೂ ಪರವಾಗಿಲ್ಲ. ರೈಲಿಗೆ ಸಿಗ್ನಲ್ ಜಾಮ್ ಇಲ್ಲ, ಹಾಗಾಗಿ ಅದರ ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಅಂತರ ಕಡಿಮೆ. ರೈಲು ಹೊರಡುವ ಕೊನೆಯ ಸ್ಟೇಷನ್ನಿನ ಹತ್ತಿರ ಸಿಕ್ಕರೆ ಬೆಳಿಗ್ಗೆ ಕೂರಲು ಸೀಟೂ ಸಿಗುತ್ತದೆ. ಕೂತು ಹೋಗುವ 40 ನಿಮಿಷವೂ ನಿಂತು ಜೋತಾಡುವ 40 ನಿಮಿಷವೂ ಒಂದೇ ಅಲ್ಲ.

ಬದಲಾಯಿಸಿ ಹತ್ತುವ ದಾರಿ ಬೇಡವೇ ಬೇಡ, ಅದರಲ್ಲೂ ಎರಡನೆಯದು ಬಸ್ಸಾದರೆ. 10 ನಿಮಿಷಕ್ಕೊಂದು ಬಸ್ಸು ಅಂತ ಬೋರ್ಡಿನಲ್ಲಿದ್ದರೆ ಸರಾಸರಿ 5 ನಿಮಿಷ ಕಾಯಬೇಕು ಅಂದುಕೊಳ್ಳುತ್ತೇವೆ. ಆದರೆ ದಟ್ಟಣೆಯಲ್ಲಿ ಮುಂದೆ ಹೋಗುತ್ತಿರುವ ಬಸ್ಸು ಸ್ವಲ್ಪ ತಡವಾದರೆ ಸ್ಟಾಪಿನಲ್ಲಿ ಜನ ಹೆಚ್ಚು ಸೇರಿರುತ್ತಾರೆ, ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನೂ ತಡ. ಅದರ ಹಿಂದೆ ಬರುವ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದ್ದನ್ನು ಹಿಡಿಯುತ್ತದೆ. ಕೊನೆಗೆ 20 ನಿಮಿಷಕ್ಕೊಮ್ಮೆ ಎರಡು ಬಸ್ಸು ಜೋಡಿಯಾಗಿ ಬರುತ್ತವೆ. ಸರಾಸರಿ ಕಾಯುವಿಕೆ 10 ನಿಮಿಷ, ನಿಮ್ಮ ಗ್ರಹಚಾರ ಕೆಟ್ಟ ದಿನ ಪೂರ್ತಿ 20. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

ಎಷ್ಟು ಸಮಯ ಸಹ್ಯ? ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಾದ ಮುಂದಿಟ್ಟರು: ನಡೆದು ಹೋಗುವ ಕಾಲದಿಂದ ಕಾರಿನ ಕಾಲದವರೆಗೂ ಮನುಷ್ಯರು ಪ್ರಯಾಣಕ್ಕೆ ಕೊಡುತ್ತಾ ಬಂದಿರುವುದು ದಿನಕ್ಕೆ ಒಟ್ಟು ಸುಮಾರು ಒಂದು ಗಂಟೆ. ದೊಡ್ಡ ಊರಿನಲ್ಲಿ ಅದು ಕಷ್ಟ. ನನ್ನ ಮಿತಿ, ಬಾಗಿಲಿನಿಂದ ಕುರ್ಚಿಗೆ ಕೆಟ್ಟ ದಿನದಲ್ಲೂ 45 ನಿಮಿಷ. ಅದಕ್ಕಿಂತ ಹೆಚ್ಚಾದರೆ ಮನೆ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಎಚ್ಚರವಾಗಿ ಇರುವ ಹೊತ್ತೇ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಇಬ್ಬರ ಸಮಯದ ಮೊತ್ತ ನೋಡಬೇಡಿ, ಹೆಚ್ಚು ದೂರ ಹೋಗುವವರ ಸಮಯ ಕಡಿಮೆಯಾಗುವ ಕಡೆ ಹಿಡಿಯಿರಿ. ಮಕ್ಕಳಿದ್ದರೆ ಮೊದಲು ಶಾಲೆ ಗೊತ್ತುಮಾಡಿ, ಆಮೇಲೆ ಮನೆ.

ಹಾಗಾದರೆ ಈಗ ಏನು ಮಾಡಬೇಕು? ಆಫೀಸಿನ ಹತ್ತಿರ ಒಂದು ತಿಂಗಳಿಗೆ, ಸಾಧ್ಯವಾದರೆ ಎರಡು ತಿಂಗಳಿಗೆ, ಸಾಮಾನು ಸಮೇತ ಇರುವ ಒಂದು ಸಣ್ಣ ರೂಮು ಹಿಡಿಯಿರಿ. ದುಬಾರಿಯಾದರೂ ಆಗಲಿ. ತಪ್ಪು ಮನೆಯಲ್ಲಿ ಕಳೆಯುವ ಒಂದು ವರ್ಷಕ್ಕೆ ಹೋಲಿಸಿದರೆ ಅದು ಚಿಲ್ಲರೆ ದುಡ್ಡು. ಎರಡು ಸೂಟ್‌ಕೇಸ್ ಸಾಕು, ಮಂಚ, ಬೀರು, ಫ್ರಿಜ್ ಊರಲ್ಲೇ ಇರಲಿ. ಸಾಮಾನೆಲ್ಲ ತಂದುಬಿಟ್ಟರೆ ಅದನ್ನು ಇಡಲು ಸಿಕ್ಕಿದ ಮನೆಗೆ ನುಗ್ಗಬೇಕಾಗುತ್ತದೆ.

ಅಲ್ಲಿಂದ ಒಂದೊಂದೇ ಮನೆಯ ದಾರಿ ಪರೀಕ್ಷಿಸಿ. ಮಂಗಳವಾರ ಅಥವಾ ಬುಧವಾರ ಹೋಗಿ. ಸೋಮವಾರ, ಶುಕ್ರವಾರ ಬಹಳಷ್ಟು ಜನ ಮನೆಯಿಂದಲೇ ಕೆಲಸ ಮಾಡುವುದರಿಂದ ರಸ್ತೆ ಹಗುರವಾಗಿರಬಹುದು. ಆ ಮನೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಟೈಮರ್ ಒತ್ತಿ, ನಿಮ್ಮ ಕುರ್ಚಿಯಲ್ಲಿ ಕೂತಾಗ ನಿಲ್ಲಿಸಿ. ಸಂಜೆ ವಾಪಸ್ಸೂ ಹಾಗೆಯೇ, ಸಂಜೆಯ ದಟ್ಟಣೆಯ ಸ್ವಭಾವವೇ ಬೇರೆ. ಮಳೆ ಬಂದ ದಿನ ಒಮ್ಮೆ ಸಿಕ್ಕರೆ ಬಿಡಬೇಡಿ. ರಾತ್ರಿ ಹತ್ತು ಗಂಟೆ ಮೇಲೆ ಒಮ್ಮೆ ಬನ್ನಿ: ಕೊನೆಯ ರೈಲು ಎಷ್ಟು ಹೊತ್ತಿಗೆ, ಸ್ಟೇಷನ್ನಿನಿಂದ ಮನೆಗೆ ನಡೆಯುವ ದಾರಿಯಲ್ಲಿ ಬೀದಿ ದೀಪ ಇದೆಯೇ, ಅಂಗಡಿ ತೆರೆದಿರುತ್ತದೆಯೇ. ಖುದ್ದಾಗಿ ಹೋಗಲು ಆಗದ ಮನೆಗಳಿಗೆ ಮ್ಯಾಪಿನಲ್ಲಿ ಹೊರಡುವ ಹೊತ್ತನ್ನು ಕೆಲಸದ ದಿನ ಬೆಳಿಗ್ಗೆಗೆ ಬದಲಾಯಿಸಿ ನೋಡಿ. 40 ನಿಮಿಷದಿಂದ 1 ಗಂಟೆ 10 ನಿಮಿಷ ಅಂತ ಎರಡು ಅಂಕಿ ಕೊಟ್ಟರೆ ದೊಡ್ಡದನ್ನೇ ಬರೆದುಕೊಳ್ಳಿ.

ದಾರಿ ಪಾಸಾದ ಮನೆಯನ್ನು ಮಾತ್ರ ಒಳಗೆ ಹೋಗಿ ನೋಡಿ. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಸಂಜೆ ಏಳರ ಮೇಲೆ, ಅಕ್ಕಪಕ್ಕದವರೆಲ್ಲ ಮನೆಯಲ್ಲಿರುವಾಗ. ಬಾತ್‌ರೂಮಿನ ನಲ್ಲಿಗೆ 10 ಲೀಟರಿನ ಬಕೆಟ್ ಇಡಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಒತ್ತಡ ಸರಿಯಿದೆ, ಎರಡು ನಿಮಿಷ ದಾಟಿದರೆ ದಿನಾ ಬೆಳಿಗ್ಗೆ ಗೋಳು. ಬಕೆಟ್ ತುಂಬುತ್ತಿರುವಾಗಲೇ ಅಡುಗೆಮನೆಯ ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ. ನೀರಿನ ಧಾರೆ ದಾರದಷ್ಟು ಸಣ್ಣಗಾದರೆ ಪೈಪ್ ಸಣ್ಣದು ಅಥವಾ ಒಳಗೆ ಕಟ್ಟಿಕೊಂಡಿದೆ. ಹೊರಗೋಡೆಯ ಮೂಲೆ, ಕಿಟಕಿಯ ಕೆಳಭಾಗ, ಬೀರುವಿನ ಹಿಂದೆ ಕೈಯಿಟ್ಟು ನೋಡಿ. ಬಣ್ಣ ಗುಳ್ಳೆ ಎದ್ದಿದ್ದರೆ, ಬಿಳಿ ಉಪ್ಪಿನಂತಹ ಪುಡಿ ಕೈಗೆ ಹತ್ತಿದರೆ ಗೋಡೆಯೊಳಗೆ ನೀರಿದೆ. ಮನೆಯೆಲ್ಲ ಹಳೆ ಬಣ್ಣ, ಒಂದೇ ಗೋಡೆಯ ಮೊಣಕಾಲೆತ್ತರಕ್ಕೆ ಮಾತ್ರ ಹೊಸ ಬಣ್ಣ ಇದ್ದರೆ ಅದು ಮುಚ್ಚಿಟ್ಟ ತೇವ.

ಮಲಗುವ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಎರಡು ನಿಮಿಷ ಮಾತಾಡದೆ ನಿಲ್ಲಿ. ಲಿಫ್ಟಿನ ಮೋಟಾರ್, ನೀರಿನ ಪಂಪು, ಮೇಲಿನ ಮನೆಯವರ ಕುರ್ಚಿ ಎಳೆಯುವ ಸದ್ದು ಆಗ ಕೇಳುತ್ತದೆ. ಸಿಗ್ನಲ್ ಅಥವಾ ಏರು ರಸ್ತೆಯ ಪಕ್ಕದ ಮನೆ ಬೇಡ, ನಿಂತ ಲಾರಿ ಬಸ್ಸುಗಳು ಹೊರಡುವಾಗ ಎಂಜಿನ್ ಅತಿ ಹೆಚ್ಚು ಸದ್ದು ಮಾಡುವುದೇ ಅಲ್ಲಿ. ಅದೇ ಕೋಣೆಯಿಂದ ಯಾರಿಗಾದರೂ ಒಂದು ಫೋನ್ ಮಾಡಿ, ನೆಟ್‌ವರ್ಕ್ ಗೊತ್ತಾಗುತ್ತದೆ.

ಅಗ್ರಿಮೆಂಟಿನಲ್ಲಿ ನೋಡಬೇಕಾದದ್ದು ಬಾಡಿಗೆಯ ಅಂಕಿಗಿಂತ ಬಿಡುವ ಷರತ್ತು. ಎಷ್ಟು ತಿಂಗಳು ಬಿಡುವ ಹಾಗಿಲ್ಲ, ಎಷ್ಟು ದಿನದ ನೋಟಿಸ್, ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ಹೋಗುತ್ತದೆ, ಅಡ್ವಾನ್ಸ್ ವಾಪಸ್ ಎಷ್ಟು ದಿನದಲ್ಲಿ. ಇವು ಬಾಯಿಮಾತಿನಲ್ಲಿ ಇರಬಾರದು. ಕೀ ತೆಗೆದುಕೊಂಡ ದಿನವೇ ಪ್ರತಿ ಗೋಡೆ, ನಲ್ಲಿ, ಬಿರುಕು ಮತ್ತು ಕರೆಂಟ್ ಮೀಟರಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ.

ಆ 14 ಕಿಲೋಮೀಟರ್ ಆಚೆಯ ಮನೆಯವರಿಗೆ ಇವತ್ತೇ ಫೋನ್ ಮಾಡಿ, ಬಂದು ನೋಡಿದ ಮೇಲೆ ಅಡ್ವಾನ್ಸ್ ಕೊಡುತ್ತೇನೆ ಅನ್ನಿ. ಒಪ್ಪಿದರೆ ಒಳ್ಳೆಯದು, ಬುಧವಾರ ಬೆಳಿಗ್ಗೆ ಟೈಮರ್ ಹಿಡಿದು ಅಲ್ಲಿಂದಲೇ ಶುರುಮಾಡಿ. ತಾನು ವಿದೇಶದಲ್ಲಿದ್ದೇನೆ, ದುಡ್ಡು ಕಳಿಸಿದರೆ ಕೀ ಕೊರಿಯರ್ ಮಾಡುತ್ತೇನೆ ಅಂದರೆ ಅಲ್ಲಿಗೇ ಬಿಟ್ಟುಬಿಡಿ, ಇದು ಎಲ್ಲ ದೊಡ್ಡ ಊರುಗಳಲ್ಲೂ ನಡೆಯುವ ವಂಚನೆ. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಿದರೂ ಸಾಲದು, ಯಾರದೋ ಖಾಲಿ ಮನೆಯನ್ನು ಯಾರು ಬೇಕಾದರೂ ತೋರಿಸಬಹುದು. ಮಾಲೀಕರ ಹೆಸರಿರುವ ತೆರಿಗೆ ರಸೀದಿ ಅಥವಾ ಕರೆಂಟ್ ಬಿಲ್ ಕೇಳಿ, ಆ ಹೆಸರೂ ದುಡ್ಡು ಹೋಗುವ ಬ್ಯಾಂಕ್ ಖಾತೆಯ ಹೆಸರೂ ಒಂದೇ ಇದೆಯೇ ನೋಡಿ. ಇವತ್ತೇ ಕಳಿಸದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಅಂದರೆ ಕೊಟ್ಟುಕೊಳ್ಳಲಿ. ನೀವು ಹೋಗಿ ಇಳಿದ ಮೇಲೆ ಅಂತಹ ಮನೆ ಇನ್ನೂ ಸಿಗುತ್ತವೆ.