ತೆರವಿನ ನೋಟಿಸ್ ಬಂದ ಬಡ ಕುಟುಂಬಗಳು ಹೈಕೋರ್ಟಿಗೆ ಹೋಗಬಹುದೇ?

ಹುಬ್ಬಳ್ಳಿಯ ಕೊಳೆಗೇರಿಯೊಂದರಲ್ಲಿ ಮನೆಗಳ ಬಾಗಿಲಿಗೆ ತೆರವಿನ ನೋಟಿಸ್ ಅಂಟಿಸಿದ್ದು, ವಕೀಲರ ಶುಲ್ಕ ಕೊಡಲಾಗದವರು ಏನು ಮಾಡಬೇಕೆಂದು ಕೇಳಿದ್ದೀರಿ.

ಹೋಗಬಹುದು, ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಯೂ ಇಲ್ಲ. ಧಾರವಾಡದಲ್ಲಿ 2008ರಿಂದ ಹೈಕೋರ್ಟ್ ಪೀಠವಿದೆ. ಸಂವಿಧಾನದ 226ನೇ ವಿಧಿಯಡಿ ನಿವಾಸಿಗಳು ಒಟ್ಟಾಗಿ ಅಲ್ಲಿ ರಿಟ್ ಅರ್ಜಿ (ಸರ್ಕಾರಿ ಕ್ರಮವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಸಲ್ಲಿಸಬಹುದು ಅಥವಾ ಅವರ ಪರವಾಗಿ ಬೇರೊಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಬಹುದು. ನನ್ನ ಅಭಿಪ್ರಾಯದಲ್ಲಿ ನಿವಾಸಿಗಳೇ ಅರ್ಜಿದಾರರಾಗುವುದು ಮೇಲು, ಏಕೆಂದರೆ ಪಡಿತರ ಚೀಟಿ, ಹೆಸ್ಕಾಂ ವಿದ್ಯುತ್ ಬಿಲ್ಲು, ಮತದಾರರ ಚೀಟಿ ಎಲ್ಲವೂ ಇರುವುದು ಅವರ ಕೈಯಲ್ಲಿಯೇ. ಅಂಟಿಸಿದ ನೋಟಿಸನ್ನು ಸಿಟ್ಟಿನಿಂದ ಹರಿಯದೆ, ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರನ್ನು ಮೊದಲು ಬರೆಯುವುದು ಜಾಣತನ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100.

ಆದರೆ ಅತಿಯಾದ ಭರವಸೆ ಬೇಡ. ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ (1985) ಸುಪ್ರೀಂ ಕೋರ್ಟ್ ಜೀವನೋಪಾಯವನ್ನು ಬದುಕುವ ಹಕ್ಕಿನ ಭಾಗವೆಂದಿತಾದರೂ, ಮುಂಬಯಿಯ ಪಾದಚಾರಿ ಮಾರ್ಗದ ಗುಡಿಸಲುಗಳ ತೆರವನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಿತೇ ಹೊರತು ರದ್ದುಗೊಳಿಸಲಿಲ್ಲ. ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟಿಸ್ ಕೊಡಬೇಕೆಂದು 2024ರ ನವೆಂಬರ್‌ನಲ್ಲಿ ಅದೇ ಕೋರ್ಟ್ ತೀರ್ಪಿನಲ್ಲಿ ಹಾಕಿದ ನಿಯಮವೂ ರಸ್ತೆ, ರೈಲು ಹಳಿಯಂಚಿನ ಅನಧಿಕೃತ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಡಿ ನಿಮ್ಮ ಪ್ರದೇಶ ಕೊಳಚೆ ಪ್ರದೇಶವೆಂದು ಘೋಷಣೆಯಾಗಿದೆಯೇ ಎಂಬುದನ್ನು ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಳಿದುಕೊಳ್ಳಿ. ತಡೆಯಾಜ್ಞೆಯ ಅರ್ಜಿಯನ್ನು ಮಾತ್ರ ಅದರ ಉತ್ತರಕ್ಕಾಗಿ ಕಾಯಿಸಬೇಡಿ.